ದಡಕ್ಕೆ ಬಾರದ ಬಲೆ

ಅಜ್ಜ ಸತ್ತು ಎರಡು ಮಳೆಗಾಲ ಕಳೆದ ಮೇಲೆ ಸ್ವಾತಿಗೆ ಅವನು ಸಿಕ್ಕಿದ್ದು ಜರ್ಮನಿಯ ಒಂದು ಬಂದರು ಊರಿನಲ್ಲಿ, ಹೊಸಕಾಲದ ಕಲೆಯ ಮ್ಯೂಸಿಯಮ್ಮಿನ ಗೋಡೆಯ ಮೇಲೆ.

ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿ, ವಿದ್ಯಾರ್ಥಿವೇತನ ಸಿಕ್ಕಿ ಮುಂದಿನ ಓದಿಗೆ ಅಲ್ಲಿಗೆ ಹೋಗಿದ್ದ ಹುಡುಗಿ ಅವಳು. ಆ ಭಾನುವಾರ ವಿದ್ಯಾರ್ಥಿಗಳಿಗೆ ಪುಕ್ಕಟೆ ಎಂದು ಬೋರ್ಡು ಕಂಡು ಒಳಗೆ ಹೋದಳು. ಒಂದು ಕೋಣೆಯಲ್ಲಿ ಬರೀ ಮುರಿದ ಕುರ್ಚಿಗಳು. ಇನ್ನೊಂದರಲ್ಲಿ ನೆಲದ ಮೇಲೆ ಉಪ್ಪಿನ ರಾಶಿ. ಅದನ್ನು ಕಂಡು ಅವಳಿಗೆ ನಗುವೇ ಬಂತು. ಮೂರನೆಯ ಕತ್ತಲೆ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಗೋಡೆಯ ಮೇಲೆ ಓಡುತ್ತಿದ್ದ ವಿಡಿಯೋದಲ್ಲಿ ಗೋಡೆಯಷ್ಟೆತ್ತರದ ಅಜ್ಜ, ಬರಿಮೈಯಲ್ಲಿ, ತಮ್ಮೂರು ಅವರ್ಸಾದ ಮರಳಿಗೆ ಹಿಮ್ಮಡಿ ಊರಿ, ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಹಗ್ಗ ಜಗ್ಗುತ್ತಿದ್ದ.

ಅಜ್ಜ ಬೊಮ್ಮು ಗೌಡ ಮೀನುಗಾರನಲ್ಲ, ಗದ್ದೆ ಕೂಲಿ. ಆದರೆ ರಂಪಣಿ ಬೀಸಿದ ದಿನ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು ಎಂಬುದು ಆ ತೀರದ ರೂಢಿ. ಬಲೆ ಬಿತ್ತೆಂದು ಕೇಳಿದರೆ ಅಜ್ಜ ಉಣ್ಣುತ್ತಿದ್ದ ಗಂಜಿ ಬಿಟ್ಟು ಓಡುತ್ತಿದ್ದ. ಒಮ್ಮೆ ಮುಂಬೈಯ ಕಲಾವಿದನೊಬ್ಬ ಕ್ಯಾಮೆರಾ ಹಿಡಿದು ಬಂದದ್ದು ಸ್ವಾತಿಗೂ ನೆನಪಿತ್ತು. ಅವನು ಎಲ್ಲರ ಜೊತೆ ಚಹಾ ಕುಡಿದು ಹೋಗಿದ್ದ.

ಅವಳು ಮನೆಗೆ ವಿಡಿಯೋ ಫೋನು ಹಚ್ಚಿದಳು. ಅಂಗಳದಲ್ಲಿ ತಮ್ಮ ಅಜಯ ಫೋನು ಹಿಡಿದ, ಅಜ್ಜಿ ಸುಕ್ರಿ ಕಣ್ಣು ಕಿರಿದು ಮಾಡಿ ಬಗ್ಗಿದಳು.

"ಅಯ್ಯ ಮಗಾ, ನಮ್ಮನೆಯವ್ರು!"

"ಅಜ್ಜ ಪಾಸ್‌ಪೋರ್ಟ್ ಇಲ್ದೆ ಫಾರಿನ್ನಿಗೆ ಹೋದ್ರಲೇ" ಎಂದು ಅಜಯ ನಕ್ಕ.

"ಸುಮ್ನಿರೋ. ಬಲೆ ಬರೂದ್ ನೋಡ್ವ."

ಸ್ವಾತಿ ಫೋನನ್ನು ಗೋಡೆಗೆ ಹಿಡಿದು ನಿಂತಳು. ಅವಳು ನಿಂತೇ ಇದ್ದದ್ದನ್ನು ಕಂಡ ಮ್ಯೂಸಿಯಮ್ಮಿನ ಕಾವಲುಗಾರ, ಅಜ್ಜನದೇ ವಯಸ್ಸಿನವನು, ಒಂದು ಮಡಚುವ ಸ್ಟೂಲು ತಂದು ಅವಳ ಹಿಂದೆ ಇಟ್ಟ. ಅಜ್ಜ ಎಳೆದ, ಎಳೆದ. ಬಲೆಯ ಹೊಟ್ಟೆ ನೀರಿನಿಂದ ಮೇಲೇಳಬೇಕು ಎನ್ನುವಾಗ ಚಿತ್ರ ಹಾರಿತು. ಮತ್ತೆ ಮೊದಲಿನಿಂದ ಅದೇ ಹಗ್ಗ, ಅದೇ ಹಿಮ್ಮಡಿ.

"ಬಲೆ ಎಲ್ಲೋಯ್ತೇ?"

"ಬರೂದಿಲ್ಲ ಅಜ್ಜಿ. ಇಡೀ ದಿನ ಹಿಂಗೇ ತಿರಗ್ತದೆ."

ಸುಕ್ರಿ ಇನ್ನೊಂದು ಸುತ್ತು ನೋಡಿದಳು. ಮುಖದ ನಗು ಆರಿಹೋಯಿತು.

"ಸತ್ತವ್ರ ಹತ್ರ ದುಡಿಸ್ತ್ರನೆ ಇವ್ರು? ಎದೆನೋವು ಅಂದಿ ಮಲಗಿದ ಜೀವ ಅದು. ಅಲ್ಲಿ ಬರ್ದದ್ದು ಎಂತದು?"

"ಅನಾಮಿಕ ಕಾರ್ಮಿಕ ಅಂತ. ಹೆಸ್ರಿಲ್ಲ."

"ಹೆಸ್ರಿಲ್ವಾ? ಬೊಮ್ಮು! ಬೊಮ್ಮು ಗೌಡ ಅನ್ನು ಅವ್ರಿಗೆ!"

ಬದುಕಿನಲ್ಲಿ ಒಮ್ಮೆಯೂ ಗಂಡನ ಹೆಸರು ಬಾಯಿಗೆ ತಾರದಿದ್ದವಳು ಕೂಗಿದ್ದು ಕೇಳಿ ಅಜಯ ತಿರುಗಿ ಅವಳ ಮುಖವನ್ನೇ ನೋಡಿದ. "ಬಲೆ ದಡಕ್ಕೆ ತರ್ಲಿ. ಇಲ್ಲಾ ಅವ್ರನ್ನ ಬಿಟ್ಬಿಡ್ಲಿ" ಎಂದು ಸುಕ್ರಿ ಎದ್ದು ಒಳಗೆ ಹೋದಳು.

ಸ್ವಾತಿ ಸೀದಾ ಮ್ಯೂಸಿಯಮ್ಮಿನ ಕಚೇರಿಗೆ ನಡೆದಳು. ಅಲ್ಲಿದ್ದ ಹೆಂಗಸು ಮೆತ್ತಗೆ ಮಾತಾಡುವವಳು. ಬಡವರ ದುಡಿಮೆಗೆ ಫಲವೇ ಇಲ್ಲ ಎಂಬುದೇ ಈ ಕೃತಿಯ ಅರ್ಥ, ಅದಕ್ಕೇ ಬಲೆ ಬರುವುದಿಲ್ಲ ಎಂದು ತಿಳಿಹೇಳಿದಳು.

"ಫಲ ಬಂದಿತ್ತು" ಎಂದಳು ಸ್ವಾತಿ. ದನಿ ತನ್ನದೇ ಎನಿಸಲಿಲ್ಲ. "ಆ ದಿನ ಬಂಗಡೆ ಬಂದಿತ್ತು. ಅಜ್ಜನ ಪಾಲಿನ ಸಾರನ್ನು ನಾನೇ ಉಂಡಿದ್ದೇನೆ. ನಿಮ್ಮ ಅರ್ಥಕ್ಕೋಸ್ಕರ ನಮ್ಮ ಮೀನು ಕತ್ತರಿಸಿ ಹಾಕಿದ್ದೀರಿ."

ಹೆಂಗಸು ಕಲಾವಿದನ ಇಮೇಲ್ ವಿಳಾಸ ಕೊಟ್ಟಳು. ಬಲೆ ದಡಕ್ಕೆ ಬರಲಿ, ಅಜ್ಜನ ಹೆಸರು ಹಾಕಿ ಎಂದು, ಅಜ್ಜಿ ಕೂಗಿದ್ದನ್ನೂ ಸೇರಿಸಿ ಸ್ವಾತಿ ಅವನಿಗೆ ಬರೆದಳು. ಉತ್ತರ ಬೇಗನೆ ಬಂತು. ಸ್ವಾತಿಯ ಪತ್ರ ತನ್ನ ಮನ ಕಲಕಿತೆಂದೂ, ಬದಲಾಯಿಸಿದರೆ ಕೃತಿ ಸಾಯುತ್ತದೆಂದೂ ಬರೆದಿದ್ದ. ಕೊನೆಯಲ್ಲಿ, ಅಜ್ಜಿ ಹೆಸರು ಕೂಗಿದ ಸಂಗತಿ ಅದ್ಭುತ, ಅವರ್ಸಾಕ್ಕೆ ಬಂದು ಅದನ್ನು ಮತ್ತೊಮ್ಮೆ ಅವರಿಂದ ಹೇಳಿಸಿ ಚಿತ್ರೀಕರಿಸಬಹುದೇ ಎಂದು ಕೇಳಿದ್ದ. ಓದುತ್ತ ಓದುತ್ತ ಸ್ವಾತಿಯ ಕಿವಿ ಕಾದವು. ಕೈಯಲ್ಲಿದ್ದ ಲೋಟವನ್ನು ಎಷ್ಟು ಜೋರಾಗಿ ಕುಕ್ಕಿದಳೆಂದರೆ ಚಹಾ ಚೆಲ್ಲಿ, ಕೋಣೆಯ ಗೆಳತಿ ಎದ್ದು ಬಂದು ಮೇಜು ಒರೆಸಿದಳು.

ಅಷ್ಟರಲ್ಲಿ ಅಜಯ ಒಂದು ಕೆಲಸ ಮಾಡಿದ್ದ. ರಂಪಣಿಯ ಚಿತ್ರ ತೆಗೆದ ದಿನ ಕಲಾವಿದನ ಜೊತೆ ಎರಡನೆಯ ಕ್ಯಾಮೆರಾ ಹಿಡಿದವನು ಕಾರವಾರದ ಫೋಟೋ ಸ್ಟುಡಿಯೋದ ತುಳಸಿದಾಸ. ಅಜಯ ಅಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ಅವನಲ್ಲಿಗೆ ಹೋದ. ತುಳಸಿದಾಸ ಮದುವೆ ಆಲ್ಬಮ್ಮಿನ ಗಿರಾಕಿಗಳನ್ನು ಹೊರಗೆ ಕೂರಿಸಿ, ಅಜ್ಜಿಗೆ ಫ್ಯಾನಿನ ಕೆಳಗಿನ ಕುರ್ಚಿ ಕೊಟ್ಟು, ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ತಡಕಿ, ಆ ದಿನದ ಚಿತ್ರವನ್ನು ಹುಡುಕಿ ತೆಗೆದ.

"ಪೂರಾ ಇತ್ತೆ ಅಕ್ಕಾ" ಎಂದು ಅಜಯ ಫೋನಿನಲ್ಲಿ ಹೇಳಿದ. "ಬಲೆ ಬಂತು. ಅಜ್ಜ ಪಾಲು ಹಿಡ್ಕಂಡು ಮನೆ ಬದಿಗೆ ನಡೀತ್ರು. ಅಜ್ಜಿ ಒಂದೇ ಸಲ ನೋಡಿ, ಸಾಕು, ಇನ್ ಅವ್ರಿಗೆ ತ್ರಾಸ್ ಕೊಡೂದ್ ಬೇಡ ಅಂತು."

ಸ್ವಾತಿ ಕಲಾವಿದನ ಪತ್ರದ ಸಂಗತಿ ಹೇಳಿದಳು. "ಆ ಪುಣ್ಯಾತ್ಮ ಮನೆಗೆ ಬತ್ತೆ ಅಂತನಲೋ. ಎಂತ ಹೇಳ್ಲಿ?"

ಫೋನು ಅಜ್ಜಿಯ ಕೈಗೆ ಹೋಯಿತು. ಸುಕ್ರಿ ಯೋಚಿಸಲೂ ಇಲ್ಲ, ಉತ್ತರ ಹೇಳಿಬಿಟ್ಟಳು.

ಮರುದಿನ ಸ್ವಾತಿ ಆ ಕತ್ತಲೆ ಕೋಣೆಯಲ್ಲಿ ಕೂತು, ಗೋಡೆಯ ಎದುರೇ, ಅಜಯ ಕಳಿಸಿದ್ದ ತುಳಸಿದಾಸನ ಚಿತ್ರವನ್ನು ಫೋನಿನಲ್ಲಿ ದನಿ ಏರಿಸಿ ಹಾಕಿದಳು. ತೀರದ ಗಲಾಟೆ ಕೋಣೆ ತುಂಬಿತು. ಜನ ತಿರುಗಿ ನೋಡಿದರು. ಅದೇ ಕಾವಲುಗಾರ ತುಟಿಗೆ ಬೆರಳಿಟ್ಟು ಬಂದವನು ಬಗ್ಗಿ ನೋಡಿ, ಗೋಡೆಯನ್ನೂ ನೋಡಿದ.

"ಇವರೇನಾ?"

"ನನ್ನ ಅಜ್ಜ. ಬೊಮ್ಮು ಗೌಡ."

ಅವನು ಬೆರಳು ಇಳಿಸಿದ. ಚಿತ್ರ ಮುಗಿಯುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗೋಡೆಯ ಮೇಲೆ ಅಜ್ಜ ಮತ್ತೆ ಹಗ್ಗಕ್ಕೆ ಬಗ್ಗಿದ್ದ.

ಸ್ವಾತಿಯ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅಲ್ಲೇ ಕೂತು ಕಲಾವಿದನಿಗೆ ಉತ್ತರ ಬರೆದಳು, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ, ಕನ್ನಡದಲ್ಲಿ. ಓದಿ ಹೇಳುವವರನ್ನು ಬೇಕಾದರೆ ಅವನೇ ಹುಡುಕಿಕೊಳ್ಳಲಿ.

"ನಮ್ಮನಿ ಬಾಗ್ಲಿಗೆ ಆಮೇಲ್ ಬಾ. ಮೊದ್ಲು ನಮ್ಮನೆಯವ್ರನ್ನ ಮನೆಗೆ ಕಳ್ಸು."