ಸಾಲಿನ ಮೊದಲ ಗೀಟು

ಗುರುವಾರ ಬೆಳಗ್ಗೆ ಅಂಗಡಿಯ ಶಟರ್ ಎತ್ತಿ ಇನ್ನೂ ಷೋಕೇಸಿನ ಗಾಜು ಒರೆಸಿರಲಿಲ್ಲ, ಫೋನ್ ಬಂತು. ಲಿಫ್ಟ್ ರಿಪೇರಿಯವನದು. ಅವನು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವನಲ್ಲ. ಮಾಡಿದನೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

"ಅಕ್ಕಾ, ಕೂತಿದ್ದೀರಾ?"

"ನಿಂತಿದ್ದೀನಿ. ಹೇಳು."

"ಕೂತ್ಕೊಳ್ಳಿ. ಪ್ರೂಫಜ್ಜ ಕೊಟ್ಟ ಡಿಸ್ಕ್ ಓದಿಸಿದೆ. ನಾಲ್ಕು ಕೋಟಿ ಸಾಲಲ್ಲಿ ಎರಡು ಕೋಟಿ ತಪ್ಪು."

ಅವಳು ಕೂರಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಬೀದಿಯವರಿಗೆ ಅವಳು ಕನ್ನಡಕದ ಅಂಗಡಿಯವಳು. ಊರೂರಲ್ಲಿ ಹರಡಿಕೊಂಡ ಹನ್ನೊಂದು ಜನರಿಗೆ ಮಾತ್ರ ಪಟ್ಟಿಯಕ್ಕ. ಆ ಹನ್ನೊಂದು ಜನ, ಅವಳೂ ಸೇರಿ ಹನ್ನೆರಡು, ಎಂಟು ತಿಂಗಳಿನಿಂದ ಒಂದು ಸಂಖ್ಯೆಯ ಬೆನ್ನು ಬಿದ್ದಿದ್ದರು. ಹದಿನೈದು ಅಂದರೆ ಮೂರು ಗುಣಿಸು ಐದು ಎಂದು ಯಾರು ಬೇಕಾದರೂ ಒಡೆದು ಹೇಳುತ್ತಾರೆ. ಇವರ ಸಂಖ್ಯೆಗೆ ನೂರ ತೊಂಬತ್ತೈದು ಅಂಕಿ. ಅದನ್ನು ಯಾವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಸಿಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಏನು ಸಿಗುತ್ತದೆ ಎಂದು ಕೇಳಿದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ಗೊತ್ತಾಗುತ್ತೆ."

ಒಬ್ಬರ ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ ಅದು. ಹಾಗಾಗಿ ಕೆಲಸವನ್ನು ತುಂಡು ತುಂಡು ಮಾಡಿ ಹಂಚಬೇಕು. ಯಾವ ತುಂಡು ಯಾರ ಪಾಲಿಗೆ ಎಂದು ಬರೆದಿಡುವವಳು ಇವಳು. ಒಬ್ಬೊಬ್ಬರ ಯಂತ್ರವೂ ತನ್ನ ಪಾಲನ್ನು ಜರಡಿ ಹಿಡಿದು ಅಂಕಿಗಳ ಸಾಲುಗಳನ್ನು ಕೊಡುತ್ತದೆ. ಇಂಥ ಒಂದು ಸಾಲಿಗೆ ಗಣಿತದಲ್ಲಿ 'ಸಂಬಂಧ' ಎಂದು ಹೆಸರು. ಬಂದ ಸಾಲುಗಳನ್ನು ಸರಿಯೋ ತಪ್ಪೋ ಎಂದು ಪರೀಕ್ಷೆಗೆ ಹಾಕಿ ಕೂಡಿಡುವವನು ಗುಂಪಿನಲ್ಲೊಬ್ಬನಾದ ಲಿಫ್ಟ್ ರಿಪೇರಿಯವನು. ನಲವತ್ತೆರಡು ಕೋಟಿ ಸಂಬಂಧ ಕೂಡಿದರೆ ಅವನ್ನೆಲ್ಲ ದೊಡ್ಡ ಯಂತ್ರವೊಂದಕ್ಕೆ ಹಾಕಿ ಒಂದಕ್ಕೊಂದು ಗಂಟು ಹಾಕಿಸಬಹುದು, ಆಗ ಸಂಖ್ಯೆ ಒಡೆಯುತ್ತದೆ.

ಕೇಳುವುದಕ್ಕೆ ಇಷ್ಟೇ. ಪಟ್ಟಿ ಇಟ್ಟವಳಿಗೆ ಗೊತ್ತು ಅದರ ಪಾಡು. ಒಬ್ಬ ಪಾಲು ಹಿಡಿದು, ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಕಂಪ್ಯೂಟರನ್ನು ಎರಡು ತಿಂಗಳು ಡಬ್ಬದಲ್ಲೇ ಇಟ್ಟಿದ್ದ. ಇನ್ನೊಬ್ಬ ಬೇರೆಯವರ ಪಾಲನ್ನೇ ಪೂರ್ತಿ ಮಾಡಿ ಮುಗಿಸಿ, ಶಭಾಷ್‌ಗಿರಿಗೆ ಕಾದು ಕೂತಿದ್ದ. ಯಾರನ್ನೂ ಬೈಯುವ ಹಾಗಿಲ್ಲ. ಸಂಬಳಕ್ಕೆ ದುಡಿಯುವವರಲ್ಲ, ಬೈದರೆ ನಾಳೆ ಬರುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಜೀವ ತಿಂದವರು ಪ್ರೂಫಜ್ಜ. ಪತ್ರಿಕೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. ಕನ್ನಡಕ ಮಾಡಿಸಲು ಅಂಗಡಿಗೆ ಬಂದಾಗ, ಕೌಂಟರಿನ ಮೇಲಿದ್ದ ಅವಳ ಪಟ್ಟಿಯಲ್ಲಿ ಎರಡು ಅಕ್ಷರದ ತಪ್ಪು ತೋರಿಸಿ, ಇದೇನು ಪಟ್ಟಿ ಎಂದು ಕೇಳಿ, ಆ ವಾರವೇ ಗುಂಪು ಸೇರಿದ್ದರು. ಪತ್ರಿಕೆ ಕಚೇರಿ ಮೂಲೆಗೆ ಹಾಕಿದ್ದ ಆರು ಹಳೆಯ ಕಂಪ್ಯೂಟರುಗಳನ್ನು ಕೇಳಿ ತಂದು ಕೂಡಿಸಿದ್ದರು. ಆರೂ ಹಗಲಿರುಳು ಓಡಿದ್ದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಫೈಲು ಕಳಿಸಿ ಎಂದಾಗಲೆಲ್ಲ ಒಂದೇ ಉತ್ತರ: "ಒಂದು ಸಲ ಕಣ್ಣಾಡಿಸಿ ಕೊಡ್ತೀನಿ." ಕೊನೆಗೆ ಮೂರು ವಾರ ಕಾಯಿಸಿ, ಬುಧವಾರ ಸಂಜೆ ಎಲ್ಲವನ್ನೂ ಒಂದೇ ಡಿಸ್ಕಿನಲ್ಲಿ ತಂದುಕೊಟ್ಟಿದ್ದರು.

"ಅಜ್ಜನ ಯಂತ್ರದ ಮೆಮೊರಿ ಕೆಟ್ಟಿರಬೇಕು ಅಕ್ಕ. ಗುಜರಿ ಮಾಲು," ಎಂದ ಲಿಫ್ಟಿನವನು.

"ಆರೂ ಒಟ್ಟಿಗೆ ಕೆಟ್ಟವಾ? ಸರಿಯಾಗಿ ಎಷ್ಟು ತಪ್ಪು, ಹೇಳು."

"ನೂರಕ್ಕೆ ನಲವತ್ತೊಂಬತ್ತು ಪಾಯಿಂಟ್ ಒಂಬತ್ತು ಎಂಟು."

"ಕೆಟ್ಟ ಯಂತ್ರ ಇಷ್ಟು ನೀಟಾಗಿ ಅರ್ಧಕ್ಕರ್ಧ ತಪ್ಪು ಮಾಡಲ್ಲ. ಇದು ಮನುಷ್ಯರ ಕೈಕೆಲಸ."

"ಸೋಮವಾರ?"

ಅವಳಿಗೂ ಸೋಮವಾರದ್ದೇ ಚಿಂತೆ. ದೊಡ್ಡ ಯಂತ್ರ ಒಂದು ಕಾಲೇಜಿನದು. ಪರೀಕ್ಷೆ ಮುಗಿದು ರಜೆ ಇರುವ ಹದಿನೈದು ದಿನ ಬಳಸಿಕೊಳ್ಳಿ ಎಂದು ಅಲ್ಲಿನ ಮುಖ್ಯಸ್ಥರು ಒಪ್ಪಿದ್ದರು. ಶನಿವಾರ ಮಧ್ಯಾಹ್ನದೊಳಗೆ ಡಿಸ್ಕು ಕೈಗೆ ಬರಬೇಕು, ಸೋಮವಾರ ಒಂಬತ್ತಕ್ಕೆ ಕೆಲಸ ಶುರುವಾಗಬೇಕು, ತಪ್ಪಿದರೆ ಮುಂದಿನ ವರ್ಷ ನೋಡೋಣ ಎಂದಿದ್ದರು. ಮುಂದಿನ ವರ್ಷ ಆ ಯಂತ್ರವೂ ಇರುವುದಿಲ್ಲ, ಮಾರುತ್ತಾರೆ ಎಂಬ ಸುದ್ದಿ ಆಗಲೇ ಇತ್ತು.

ಕೌಂಟರಿನ ಮೇಲಿದ್ದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಅಜ್ಜನದೂ ಸೇರಿ ನಲವತ್ತೆರಡು ಕೋಟಿ ಅರವತ್ತು ಲಕ್ಷ ಇತ್ತು. ಎರಡು ಕೋಟಿ ಹೋದರೆ ನಲವತ್ತು ಕೋಟಿ ಅರವತ್ತು ಲಕ್ಷ. ಕೊರತೆ ಒಂದು ಕೋಟಿ ನಲವತ್ತು ಲಕ್ಷ. ಹನ್ನೆರಡೂ ಜನರ ಯಂತ್ರ ಒಟ್ಟಿಗೆ ಓಡಿದರೆ ದಿನಕ್ಕೆ ಹದಿನೇಳು ಲಕ್ಷ. ಎಂಟು ದಿನಕ್ಕೂ ಮೇಲೆ ಬೇಕು. ಇರುವುದು ಎರಡು.

"ಇನ್ನೂ ಒಂದು ಕೋಟಿ ನಲವತ್ತು ಲಕ್ಷ ಸಂಬಂಧ ಎಲ್ಲಿಂದ ತರಲಿ," ಎಂದಳು ಫೋನಿಗೆ.

ಒಳಗಿನ ಸ್ಟೂಲಿನ ಮೇಲೆ ಕೂತು ಕನ್ನಡಕದ ಡಬ್ಬಿಗಳ ಧೂಳು ಹೊಡೆಯುತ್ತಿದ್ದ ಅವಳ ತಾಯಿ ತಲೆ ಎತ್ತಿದರು. "ನಿನ್ನ ತಮ್ಮನಿಗೆ ಒಂದು ಸಂಬಂಧ ನೋಡೇ ಅಂತ ಮೂರು ವರ್ಷದಿಂದ ಬಡ್ಕೋತಿದ್ದೀನಿ. ಒಂದು. ಇಲ್ಲಿ ನೋಡಿದ್ರೆ ಕೋಟಿ ಲೆಕ್ಕದಲ್ಲಿ ಹುಡುಕ್ತಾಳೆ."

"ಅಮ್ಮಾ, ಈಗ ಬೇಡ."

"ಕೋಟಿಯಲ್ಲಿ ಒಂದು ಇತ್ತ ತಳ್ಳು. ನಿನ್ನ ಗಂಟೇನು ಹೋಗುತ್ತೆ."

ಲಿಫ್ಟಿನವನು ಫೋನಿನಲ್ಲಿ ನಗು ತಡೆಯುತ್ತಿರುವುದು ಅವಳಿಗೆ ಕೇಳಿಸಿತು. ಫೋನಿಟ್ಟಳು. ಪಟ್ಟಿ ತೆಗೆದು, ಪ್ರೂಫಜ್ಜ ಎಂಬ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಇನ್ನು ಬೇಡ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು. ಅಂಗಡಿಯನ್ನು ತಾಯಿಗೆ ವಹಿಸಿ ಬಸ್ಸು ಹಿಡಿದಳು.

ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ ಕದ ತಟ್ಟುವ ಹೊತ್ತಿಗೆ ಅವಳ ಬಾಯಿತುಂಬ ಮಾತು ತುಂಬಿತ್ತು. ಅಜ್ಜ ಕದ ತೆಗೆದು, "ಬಾಮ್ಮ, ಬಾ. ಡಿಸ್ಕು ಓದಿಸಿದ್ರಾ? ಹೇಗಿದೆ ನನ್ನ ಕೆಲಸ?" ಎಂದು ಇಷ್ಟಗಲ ಮುಖ ಮಾಡಿದರು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಮುಂದಿನ ಕೋಣೆಯಲ್ಲಿ ಗೋಡೆಗುಂಟ ಆರು ಕಂಪ್ಯೂಟರು. ಮುಚ್ಚಳ ಬಿಚ್ಚಿಟ್ಟಿದ್ದ ಅವುಗಳ ಮೇಲೆ ಎರಡು ಟೇಬಲ್ ಫ್ಯಾನ್ ಗಾಳಿ ಬೀಸುತ್ತಿದ್ದವು. ಒಂದೊಂದರ ಮೇಲೂ ಚೀಟಿ: ಯಾವ ಪಾಲು, ಯಾವ ದಿನ ಶುರು, ಯಾವ ದಿನ ಮುಗಿತು. ಅಕ್ಷರ ಮುದ್ದಾಗಿತ್ತು. ಕೂರಲು ಒಂದೇ ಕುರ್ಚಿ. ಅದನ್ನು ಅವಳಿಗೆ ಕೊಟ್ಟು ತಾವು ನಿಂತರು.

"ಅಜ್ಜ, ಯಂತ್ರ ಕೊಟ್ಟ ಫೈಲನ್ನ ಹಾಗೇ ಕೊಟ್ರಾ?"

"ಹಾಗೇ ಕೊಡೋಕೆ ಆಗುತ್ತಾ? ನೋಡದೆ ಒಂದು ಸಾಲೂ ನನ್ನ ಮೇಜು ದಾಟಿಲ್ಲ, ಇಷ್ಟು ವರ್ಷದಲ್ಲಿ."

"ನಾಲ್ಕು ಕೋಟಿ ಸಾಲು ನೋಡಿದ್ರಾ?"

"ಎಲ್ಲಾ ಎಲ್ಲಿ ನೋಡ್ಲಿ. ನಾನೂರು ಫೈಲು, ಒಂದೊಂದನ್ನೂ ತೆರೆದು ನೋಡಿದೆ. ನಿಮ್ಮ ಪ್ರೋಗ್ರಾಮಿಗೆ ಸಾಲು ಒಡೆಯೋದು ಬರಲ್ಲಮ್ಮ. ಹೇಳೋಣ ಅಂತಲೇ ಇದ್ದೆ. ಎಲ್ಲಿ ನೋಡಿದ್ರೂ ಸಾಲಿನ ತಲೆಯಲ್ಲಿ ಗೀಟು." ಹಳೆಯ ಮೇಷ್ಟರ ಹಾಗೆ ಬೆರಳೆತ್ತಿದರು. "ಪದ ಒಡೆದ್ರೆ ಗೀಟು ಬರಬೇಕಾದ್ದು ಸಾಲಿನ ಕೊನೆಯಲ್ಲಿ. ಮುಂದಿನ ಸಾಲಿನ ಮೊದಲಿಗೆ ಬರಕೂಡದು. ನಮ್ಮ ಕಚೇರಿಯಲ್ಲಿ ಹೊಸಬರಿಗೆ ಮೊದಲನೇ ದಿನ ಹೇಳೋ ಪಾಠ ಅದು. ಅರ್ಧಕ್ಕರ್ಧ ಸಾಲಲ್ಲಿ ಇದೇ ತಪ್ಪು. ಒಂದೊಂದು ಫೈಲಲ್ಲೂ 'ಹುಡುಕಿ ತೆಗೆ' ಅಂತ ಕೊಟ್ಟು ಎಲ್ಲಾ ಕಿತ್ತುಹಾಕಿದೆ. ಮೂರು ವಾರ ಹಿಡೀತು, ಬೆನ್ನು ಬಿದ್ದುಹೋಯ್ತು."

ಅವಳು ಕುರ್ಚಿಯ ಅಂಚಿಗೆ ಸರಿದಳು.

"ಮೊದಲಿದ್ದ ಫೈಲುಗಳು?"

"ತಿದ್ದಿದ ಮೇಲೆ ಹಳೇ ಕರಡು ಯಾಕೆ? ಅಳಿಸಿದೆ."

"ಅಜ್ಜ, ನಿಮ್ಮ ಕನ್ನಡಕದ ಪವರ್ ಎಷ್ಟು?"

"ನೀನೇ ಮಾಡಿಕೊಟ್ಟಿದ್ದು. ಎರಡೂವರೆ."

"ಏನು ಎರಡೂವರೆ?"

"ಮೈನಸ್ ಎರಡೂವರೆ."

"ಡಾಕ್ಟರ ಚೀಟಿಯಲ್ಲಿ ಎರಡೂವರೆಯ ಮುಂದೆ ಒಂದು ಗೀಟಿತ್ತು. ಯಾರೋ ಸುಮ್ಮನೆ ಎಳೆದಿದ್ದಾರೆ ಅಂತ ನಾನು ಅದನ್ನ ಅಳಿಸಿ, ಬರೀ ಎರಡೂವರೆ ಅಂತ ಕನ್ನಡಕ ಮಾಡಿಕೊಟ್ಟಿದ್ರೆ ಏನಾಗ್ತಿತ್ತು?"

ಅಜ್ಜ ನಗಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಎದುರಿನ ಗೋಡೆಯ ಕ್ಯಾಲೆಂಡರು ಅವರಿಗೆ ಆಗ ಮಸುಕಾಗಿ ಕಂಡಿರಬೇಕು, ಅತ್ತಲೇ ನೋಡುತ್ತಿದ್ದರು.

"ಪ್ಲಸ್ ಆಗ್ತಿತ್ತು," ಎಂದರು. "ಇರೋದೂ ಕಾಣ್ತಿರಲಿಲ್ಲ."

"ಒಂದೊಂದು ಸಾಲಿನ ಮೊದಲಿಗೂ ಒಂದು ಸಂಖ್ಯೆ ಇರುತ್ತೆ ಅಜ್ಜ. ಅರ್ಧ ಸಾಲಲ್ಲಿ ಅದು ಮೈನಸ್. ಅದು ಗೀಟಲ್ಲ."

ಅವರು ಕಿಟಕಿಯ ಕಟ್ಟೆಯ ಮೇಲೆ ಕೂತರು. "ಅಂಕಿಗಳ ಮಧ್ಯೆ ಎ, ಬಿ, ಸಿ ಅಂತ ಇಂಗ್ಲಿಷ್ ಅಕ್ಷರಗಳೂ ಬಂದಿದ್ವು," ಎಂದರು ಮೆಲ್ಲಗೆ. "ಅವು ಕೂಡ ತಪ್ಪಲ್ವಾ ಹಾಗಾದ್ರೆ?"

ಯಂತ್ರ ಬರೆಯುವ ಸಂಖ್ಯೆಗಳಲ್ಲಿ ಆ ಅಕ್ಷರಗಳೂ ಅಂಕಿಗಳೇ. "ಅವನ್ನ ತೆಗೆದ್ರಾ?"

"ತೆಗೆಯೋಣ ಅಂತ ಇದ್ದೆ. ನೀನು ಅವಸರ ಮಾಡಿದೆ, ಪುರುಸೊತ್ತಾಗಲಿಲ್ಲ."

ತಾನು ಎಂಟು ತಿಂಗಳಲ್ಲಿ ಮಾಡಿದ ಒಳ್ಳೆಯ ಕೆಲಸವೆಂದರೆ ಅಜ್ಜನಿಗೆ ಅವಸರ ಮಾಡಿದ್ದೊಂದೇ ಎಂದುಕೊಂಡು ಅವಳು ಎದ್ದು ಹೊರಗೆ ಮೆಟ್ಟಿಲಿಗೆ ಬಂದಳು. ಒಂದು ಸಲ ಜೋರಾಗಿ ಉಸಿರುಬಿಟ್ಟಳು. ಬೈಯಲು ಎದುರಿಗೆ ಯಾರೂ ಇಲ್ಲದ್ದರಿಂದ ಮೆಟ್ಟಿಲಿನ ಕಂಬಿಯನ್ನೇ ಒಮ್ಮೆ ಗುದ್ದಿದಳು. ಕೈ ನೋಯಿತು. ಕೈ ಉಜ್ಜಿಕೊಳ್ಳುತ್ತ ನಿಂತಿದ್ದಾಗಲೇ ಅವಳಿಗೆ ಹೊಳೆದದ್ದು: ಅಜ್ಜ ಅಳಿಸಿದ್ದು ಒಂದೇ ಒಂದು ಚಿಹ್ನೆ, ಅದೂ ಒಂದೇ ಜಾಗದಲ್ಲಿ. ಯಾವ ಸಾಲಿನಿಂದ ಅಳಿಸಿದ್ದಾರೆ ಎಂದು ಅವರಿಗೆ ನೆನಪಿರಬೇಕಿಲ್ಲ. ಪರೀಕ್ಷೆಯಲ್ಲಿ ತಪ್ಪೆಂದು ಬಂದ ಸಾಲೇ ಹೇಳುತ್ತದೆ.

ಲಿಫ್ಟಿನವನಿಗೆ ಫೋನ್ ಮಾಡಿದಳು. ಅವನು ಯಾವುದೋ ಕಟ್ಟಡದ ಲಿಫ್ಟಿನ ಕೆಳಗಿನ ಗುಂಡಿಯಲ್ಲಿದ್ದ, ದನಿ ಬಾವಿಯಿಂದ ಬಂದ ಹಾಗಿತ್ತು.

"ತಪ್ಪು ಅಂತ ಬಂದ ಸಾಲುಗಳಿವೆಯಲ್ಲ, ಎಸೆದಿಲ್ಲ ತಾನೆ?"

"ಇವೆ ಅಕ್ಕ. ಯಾಕೆ?"

"ಅವುಗಳ ಮೊದಲಿಗೆ ಒಂದೊಂದು ಮೈನಸ್ ಹಾಕಿ ಮತ್ತೆ ಪರೀಕ್ಷೆಗೆ ಬಿಡು. ಸರಿ ಬಂದ್ರೆ ಇಟ್ಕೋ."

"ಅಜ್ಜ ಮೈನಸ್ಸನ್ನ..."

"ಪ್ರೂಫ್ ನೋಡಿದ್ದಾರೆ."

ಗುಂಡಿಯೊಳಗಿಂದ ಬಂದ ನಗು ಕಾಂಕ್ರೀಟಿಗೆ ಬಡಿದು ಎರಡೆರಡು ಸಲ ಕೇಳಿಸಿತು. "ನಗಬೇಡ," ಎಂದಳು. "ಶುಕ್ರವಾರ ಮಧ್ಯಾಹ್ನದೊಳಗೆ ಆಗಬೇಕು. ಗುಂಪಿನಲ್ಲಿ ಈ ಮಾತು ಎತ್ತಬೇಡ."

ಕೊನೆಯ ಮಾತನ್ನು ಯಾಕೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಬಸ್ಸು ಹತ್ತುವಾಗ ಗುಂಪಿಗೆಲ್ಲ ಹೇಳಿ ಅಜ್ಜನ ಮಾನ ಕಳೆಯಬೇಕೆಂದೇ ಹೊರಟಿದ್ದಳು.

ಒಳಗೆ ಹೋದಾಗ ಅಜ್ಜ ಆರನೆಯ ಕಂಪ್ಯೂಟರಿನ ಚೀಟಿಯನ್ನು ಬಿಡಿಸುತ್ತಿದ್ದರು. ಉಳಿದ ಐದು ಚೀಟಿ ಆಗಲೇ ಕೈಯಲ್ಲಿದ್ದವು.

"ಅದನ್ನ ಯಾಕೆ ಕೀಳ್ತೀರಿ?"

"ನನ್ನನ್ನ ಪಟ್ಟಿಯಿಂದ ತೆಗೆಯಮ್ಮ. ನಾನು ಮುಟ್ಟಿದ್ದೆಲ್ಲ ಹಾಳಾಯ್ತು."

"ಇನ್ನೂ ಹಾಳಾಗಿಲ್ಲ. ನಾಳೆ ಗೊತ್ತಾಗುತ್ತೆ. ಚೀಟಿ ವಾಪಸ್ ಅಂಟಿಸಿ," ಎಂದು ಗದರಿಸಿ ಹೊರಟಳು.

ಶುಕ್ರವಾರ ಎರಡೂಕಾಲಕ್ಕೆ ಲೆಕ್ಕ ಬಂತು. ಎರಡು ಕೋಟಿಯಲ್ಲಿ ಹನ್ನೆರಡು ಸಾಲು ಬಿಟ್ಟು ಉಳಿದದ್ದೆಲ್ಲ ಸರಿ. ಆ ಹನ್ನೆರಡೂ ಅಜ್ಜನ ಮೊದಲ ಫೈಲಿನವು. ವಿಚಾರಿಸಿದಾಗ, ಅಲ್ಪವಿರಾಮದ ಮುಂದೆ ಯಂತ್ರ ಜಾಗ ಬಿಟ್ಟಿರಲಿಲ್ಲ, ಕೈಯಿಂದ ಸರಿಮಾಡಲು ಹೊರಟು ಹನ್ನೆರಡಕ್ಕೆ ಸುಸ್ತಾಗಿ ಬಿಟ್ಟೆ ಎಂದರು. ಶನಿವಾರ ಹನ್ನೊಂದಕ್ಕೆ ಅವಳೇ ಡಿಸ್ಕನ್ನು ಕಾಲೇಜಿಗೆ ಒಯ್ದು ಕೊಟ್ಟು, ಪಡೆದುಕೊಂಡಿದ್ದಕ್ಕೆ ಸಹಿ ಹಾಕಿಸಿಕೊಂಡಳು. ಸೋಮವಾರ ಒಂಬತ್ತಕ್ಕೆ ಯಂತ್ರ ಕೆಲಸ ಹಿಡಿಯಿತು.

ಹದಿಮೂರನೆಯ ದಿನ ಸಂಖ್ಯೆ ಒಡೆಯಿತು. ಒಂದು ಎಂಬತ್ತೆಂಟು ಅಂಕಿಯದು, ಇನ್ನೊಂದು ನೂರ ಏಳು ಅಂಕಿಯದು. ಅವಳು ಅಂಗಡಿಯಲ್ಲೇ ಕೂತು ಪ್ರಕಟಣೆ ಬರೆದಳು. ಹನ್ನೆರಡೂ ಜನರ ಹೆಸರು, ಯಾರ್ಯಾರ ಪಾಲು ಎಷ್ಟು, ಕೆಳಗೆ ಆ ಎರಡು ಸಂಖ್ಯೆ. ನಾಲ್ಕು ಸಲ ಓದಿದಳು. ಹೊರಗೆ ಹಾಕುವ ಮೊದಲು ಎಲ್ಲರೂ ನೋಡಲಿ ಎಂದು ಗುಂಪಿಗೆ ಕಳಿಸಿದಳು. ಹತ್ತು ಜನ ಹೆಬ್ಬೆರಳ ಚಿತ್ರ ಕಳಿಸಿದರು. ಅಜ್ಜ ಫೋನ್ ಮಾಡಿದರು.

"ಅಮ್ಮಾ, ಎರಡನೇ ಸಂಖ್ಯೆ ಒಂದು ಸಾಲಲ್ಲಿ ಹಿಡಿದಿಲ್ಲ. ಮುಂದಿನ ಸಾಲಿಗೆ ಹೋಗಿದೆ."

"ಹೌದು. ಉದ್ದ ಇದೆಯಲ್ಲ ಅಜ್ಜ."

"ಒಡೆದ ಕಡೆ ಸಾಲಿನ ಕೊನೆಗೆ ಒಂದು ಗೀಟು ಬಂದಿದೆ. ನಮ್ಮ ಕಚೇರಿ ಪ್ರಕಾರ ಅದು ಸರಿ. ಆದ್ರೆ ನಿಮ್ಮ ಪ್ರಕಾರ ಅದು ಮೈನಸ್. ಓದಿದೋರು ಮೇಲಿನ ಸಾಲಿಂದ ಕೆಳಗಿನ ಸಾಲು ಕಳೀತಾರೆ."

ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಇತ್ತು. ಟೈಪು ಮಾಡುವ ಪ್ರೋಗ್ರಾಮು ತಾನಾಗಿಯೇ ಹಾಕಿದ ಗೀಟು. ನಾಲ್ಕು ಸಲ ಓದಿದವಳಿಗೂ ಕಂಡಿರಲಿಲ್ಲ, ಹೆಬ್ಬೆರಳೆತ್ತಿದ ಹತ್ತು ಜನರಿಗೂ ಕಂಡಿರಲಿಲ್ಲ.

"ನಾನು ಮುಟ್ಟಿಲ್ಲ," ಎಂದರು ಅಜ್ಜ. "ಕೇಳಿ ಆಮೇಲೆ ಮುಟ್ಟೋಣ ಅಂತ ಕೂತಿದ್ದೀನಿ."

"ಅದನ್ನ ತೆಗೀಬೇಕು ಅಜ್ಜ. ನಾನೇ ತೆಗೀತೀನಿ."

"ತೆಗಿ. ಇನ್ನೊಂದು ವಿಷಯ. ಮೂರನೇ ಪ್ಯಾರಾದಲ್ಲಿ 'ಪರಿಶ್ರಮ'ಕ್ಕೆ ನೀನು ತಪ್ಪು ಶ ಹಾಕಿದ್ದೀಯ."

"ಅದನ್ನೂ ತೆಗೀತೀನಿ."

"ನಾಲ್ಕನೇ ಪ್ಯಾರಾದಲ್ಲಿ..."

ಅವಳು ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟಳು. ಡಬ್ಬಿ ಒರೆಸುತ್ತಿದ್ದ ತಾಯಿ, "ಯಾರದು, ಹುಡುಗಿ ಕಡೆಯವರಾ?" ಎಂದು ಕಣ್ಣಲ್ಲೇ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿ, ಮುಂದಿನ ಸಂಖ್ಯೆಗೆಂದು ಗೆರೆ ಎಳೆದಿಟ್ಟಿದ್ದ ಹೊಸ ಪಟ್ಟಿಯನ್ನು ಎಳೆದುಕೊಂಡಳು. ಅಜ್ಜ ಐದನೆಯ ಪ್ಯಾರಾಕ್ಕೆ ಬರುವ ಹೊತ್ತಿಗೆ ಅವರ ಹೆಸರು ಬರೆದು, ಮುಂದೆ ಅವರ ಪಾಲು ಬರೆದಳು. ಪಕ್ಕದ ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲೇ ಇಷ್ಟು ಸೇರಿಸಿದಳು: ಫೈಲು ದಿನಾ ಕಳಿಸಬೇಕು. ನೋಡದೆ.