ರೈಲಿನ ಬೆನ್ನಿಗೊಂದು ಬಕೆಟ್ ನೀರು

ಉಸ್ಕುದಾರಿನ ನೆಲದಡಿಯ ನಿಲ್ದಾಣದಲ್ಲಿ ಚಹಾ ಮಾರುವ ನೆಝಿಹೆಗೆ ಸಮುದ್ರದ ಮೇಲೆ ನಂಬಿಕೆಯಿತ್ತು. ಅದರ ಹೊಟ್ಟೆಯಡಿ ನುಸುಳುವವರ ಬುದ್ಧಿಯ ಮೇಲೆ ಇರಲಿಲ್ಲ. ಇವತ್ತು ಸಮುದ್ರದಡಿಯ ಹೊಸ ಸುರಂಗದ ಮೊದಲ ಪರೀಕ್ಷಾ ರೈಲಿನಲ್ಲಿ ಏಷ್ಯಾದಿಂದ ಯುರೋಪಿಗೆ ಹೊರಟವರಲ್ಲಿ ಅವಳ ಅಳಿಯ ಬೆದ್ರಿಯೂ ಇದ್ದ. ಸುರಂಗದ ಸಂದುಗಳಲ್ಲಿ ನೀರು ಸೋರದಂತೆ ನೋಡಿಕೊಳ್ಳುವುದು ಅವನ ಕೆಲಸ. ಒಂದು ಹನಿ ಕಂಡರೂ ಮನೆಗೆ ಕಳಿಸುತ್ತೇನೆಂದು ಮುಖ್ಯ ಇಂಜಿನಿಯರ್ ಮುಮ್ತಾಜ್ ಬೇ ಬೆಳಿಗ್ಗೆಯೇ ಎಲ್ಲರೆದುರು ಗುಡುಗಿದ್ದರು.

“ಅತ್ತೆ, ಅಳ್ಬೇಡಿ. ಅದೂ ನೀರೇ. ಸಾಹೇಬ್ರು ನನ್ ಲೆಕ್ಕಕ್ಕೇ ಬರೀತಾರೆ.”

“ನಿನಗೋಸ್ಕರ ಯಾರು ಅಳ್ತಾರೋ? ಮಗಳಿಗೆ ಇನ್ನೊಂದು ಗಂಡು ಹುಡುಕೋ ತಾಪತ್ರಯ ನೆನೆಸ್ಕೊಂಡೆ, ಅಷ್ಟೇ.”

ರೈಲು ಹೊರಟಿತು. ನೀರಿನಂತೆ ಸಲೀಸಾಗಿ ಹೋಗಿ ನೀರಿನಂತೆ ಬರಲಿ ಎಂದು, ಹೊರಟವರ ಬೆನ್ನಿಗೆ ನೀರು ಚೆಲ್ಲದ ಹೆಂಗಸು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ನೆಝಿಹೆಯ ಕೈಗೆ ಸಿಕ್ಕಿದ್ದು ಚಹಾ ಲೋಟ ತೊಳೆದ ಬಕೆಟ್. ಸಮುದ್ರದಡಿಯ ಪ್ರಯಾಣಕ್ಕೆ ಒಂದು ಚೊಂಬು ಯಾವ ಮೂಲೆಗೆ ಎಂದುಕೊಂಡು ಪೂರ್ತಿ ಬಗ್ಗಿಸಿಬಿಟ್ಟಳು.

ನೀರು ಇಳಿಜಾರಿನಲ್ಲಿ ಓಡಿ ಮೊದಲ ಸಂದನ್ನು ಮುಟ್ಟಿತು. ಅಲ್ಲಿ ನೀರು ಸೋಕಿದರೆ ಕೂಗುವ ಅಪಾಯದ ಗಂಟೆ ಬಡಿದುಕೊಂಡಿತು. ರೈಲು ನಿಂತು, ಹಿಂದಕ್ಕೆ ಸರಿದು ನಿಲ್ದಾಣಕ್ಕೇ ಬಂತು; ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಇಳಿದು ಓಡಿಬಂದರು. ಬೆದ್ರಿಯ ಮುಖ ಸುಣ್ಣವಾಗಿತ್ತು.

“ಸೋರ್ತಿದೆ! ನಿನ್ ಸಾಮಾನು ಕಟ್ಕೋ!” ಎಂದರು ಮುಮ್ತಾಜ್ ಬೇ.

ನೆಝಿಹೆ ಕೈಯಲ್ಲಿದ್ದ ಖಾಲಿ ಬಕೆಟ್ ನೋಡಿಕೊಂಡಳು. ಹಾಳಾದ ಕೈಯೇ, ಅಳಿಯನ ಅನ್ನಕ್ಕೇ ಕಲ್ಲು ಹಾಕಿದೆಯಲ್ಲ! “ಸಾಹೇಬ್ರೇ, ಅದನ್ನ ನೆಕ್ಕಿ ನೋಡಿ,” ಎಂದಳು.

“ಏನು?”

“ಸಮುದ್ರ ಆದ್ರೆ ಉಪ್ಪಿರುತ್ತೆ. ನೆಕ್ಕಿ.”

ಮುಮ್ತಾಜ್ ಬೇ ಬೆರಳದ್ದಿ ನಾಲಿಗೆಗೆ ತಾಗಿಸಿದರು. ಹುಬ್ಬು ಮೇಲೇರಿತು. “ಸಿಹಿ ಇದೆ!”

“ನಿಮ್ ಲೋಟದ್ದೇ. ನೀವೊಬ್ರೇ ಸಕ್ಕರೆ ಕರಗಿಸ್ದೆ ತಳದಲ್ಲಿ ಬಿಡೋದು. ಚೆಲ್ಲಿದ್ದು ನಾನು. ಬೈಯೋದಿದ್ರೆ ನನ್ನ ಬೈರಿ.”

ಬೈಗುಳಕ್ಕೇನೂ ಬರ ಬರಲಿಲ್ಲ. ಮುಮ್ತಾಜ್ ಬೇ ನೀರನ್ನೆಲ್ಲ ಒರೆಸಿಸಿ, ಗಂಟೆ ಬಾಯಿ ಮುಚ್ಚಿದ ಮೇಲೆ, “ಹತ್ತಿ!” ಎಂದರು.

ಯಾರೂ ಹತ್ತಲಿಲ್ಲ. ಚಾಲಕ ರಿಫ್ಕಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ಚೆಲ್ಲಿದ ನೀರನ್ನ ಒರೆಸಿಬಿಟ್ರಲ್ಲ ಸಾಹೇಬ್ರೇ! ಈಗ ಹೋದ್ರೆ ವಾಪಸ್ ಬರೋದು ಹೇಗೆ?”

“ಓದಿದೋರಾಗಿ ಏನ್ರೋ ಇದು?”

ಓದಿದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಬೆದ್ರಿ ಅತ್ತೆಯ ಬೆನ್ನ ಹಿಂದೆ ಸರಿದು ನಿಂತ. ಕೊನೆಗೆ ಮುಮ್ತಾಜ್ ಬೇ ತಾವೇ ಹೋಗಿ, ಚಹಾ ಅಂಗಡಿಯ ದೊಡ್ಡ ಬೋಗುಣಿ ತಂದು, ರೈಲಿನ ಹಿಂದೆ ಪ್ಲಾಟ್‌ಫಾರ್ಮಿನ ಮೇಲಿಟ್ಟರು.

“ಇದರೊಳಗೆ ಚೆಲ್ಲಮ್ಮ. ಒಂದು ಹನಿ ಆಚೆ ಬಿದ್ರೆ ನಿನ್ನ ಅಂಗಡೀನೇ ಸಮುದ್ರಕ್ಕೆ!”

ಎಲ್ಲರೂ ಹತ್ತಿದರು. ನೆಝಿಹೆ ಒಂದೊಂದೇ ಹೆಸರು ಹೇಳುತ್ತ ನೀರು ಬಿಟ್ಟಳು. ಅಳಿಯನ ಸರದಿಗೆ ಧಾರೆ ಸ್ವಲ್ಪ ದಪ್ಪಗಾಯಿತು. ಕೊನೆಗೆ ಹತ್ತಿದ ಮುಮ್ತಾಜ್ ಬೇ ಬಾಗಿಲಲ್ಲೇ ನಿಂತು ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದರು:

“ನನ್ ಹೆಸರು ಹೇಳಿದ್ಯಾ?”