ಹುಣಸೆನೀರಿನಲ್ಲಿ ತೊಳೆದ ಕಾಸು

ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರಕ್ಕೆ ಒಂದು ಬಣ್ಣ ಬರುತ್ತದೆ. ಎಲ್ಲರೂ ಅದನ್ನು ಹೊಳಪು ಎನ್ನುತ್ತಾರೆ. ನನಗೆ ಅದು ಚರ್ಮ ಸುಲಿದ ಮೈಯಂತೆ ಕಾಣುತ್ತದೆ. ದೇವರಮನೆಯ ತಂಬಿಗೆಯನ್ನು ನೋಡಿದರೂ ಬಾಯಲ್ಲಿ ನೀರೂರುತ್ತದೆ, ವಾಂತಿಗೆ ಮುಂಚೆ ಊರುವಂಥ ನೀರು.

ಆ ದಿನ ಕೊನೆಯ ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ದೊಡ್ಡಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದರು. ಅಮ್ಮ ಸತ್ತು, ಅಪ್ಪ ಬೇರೆ ಮದುವೆಯಾದ ಮೇಲೆ ನಾನು ಬೆಳೆದದ್ದು ಅಜ್ಜಿಯ ಮನೆಯಲ್ಲಿ, ಅವರ ಹಿರಿಸೊಸೆ ದೊಡ್ಡಮ್ಮನ ಆಳ್ವಿಕೆಯಲ್ಲಿ. ಅಜ್ಜಿ ಮಗಳ ಊರಿಗೆ ಹೋದದ್ದೇ ತಡ, ದೊಡ್ಡಮ್ಮ ಅಡಿಗೆಮನೆಯ ಒರಳುಕಲ್ಲನ್ನು ಕೀಳಿಸಿದ್ದರು. ಅದರಡಿಯಲ್ಲಿ ಮಣ್ಣಿನ ಕುಡಿಕೆಯೊಂದು ಸಿಕ್ಕಿತ್ತು.

"ಬಾ, ನಿಮ್ಮಜ್ಜಿ ಖಜಾನೆ ನೋಡು. ನನ್ನ ಹತ್ರ ಸಾಸಿವೆಗೂ ಲೆಕ್ಕ ಕೇಳೋರು, ಒರಳಿನ ಬುಡದಲ್ಲಿ ಹೂತಿಟ್ಕೊಂಡಿದ್ರು."

ಬೋಗುಣಿಯ ಹುಣಸೆನೀರಿನಲ್ಲಿ ದಪ್ಪ ತಾಮ್ರದ ಕಾಸುಗಳು ಮುಳುಗಿದ್ದವು. ನೀರಿನ ಮೇಲೆ ಕೆಂಪು ಕೆನೆಯಂಥದೇನೋ ತೇಲುತ್ತಿತ್ತು. ದೊಡ್ಡಮ್ಮ ಒಂದೊಂದನ್ನೇ ಎತ್ತಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಒಂದಕ್ಕೆ ಅಂಟಿದ್ದ ಕರಿಯ ಹಕ್ಕಳೆ ಬಿಡದಿದ್ದಾಗ ಉಗುರಿನಿಂದ ಕೆರೆದು, ಉಗುರನ್ನು ಸೀರೆಗೆ ಒರೆಸಿಕೊಂಡರು. ಅದೇ ಕೈಯಲ್ಲಿ ನನಗೊಂದು ಬಾಳೆಹಣ್ಣು ಸುಲಿದುಕೊಟ್ಟರು. ನಾನು ತಿಂದೆ.

"ನಾಳೆ ಪದ್ಮರಾಜಯ್ಯನಿಗೆ ಬರಹೇಳಿದೀನಿ. ಹಳೇ ನಾಣ್ಯ ಅಂದ್ರೆ ಹುಚ್ಚು ಆ ಮನುಷ್ಯಂಗೆ. ಥಳಥಳ ಅಂದ್ರೆ ತಾನೆ ಕೈ ಬಿಚ್ಚೋದು."

ಕಾಲು ತೊಳೆಯಲು ಬಚ್ಚಲಿಗೆ ಹೋದೆ. ಹಂಡೆಯ ಒಲೆಯ ಬಾಯಲ್ಲಿ ಅರೆಸುಟ್ಟ ಬಟ್ಟೆಯ ಚೂರುಗಳಿದ್ದವು. ಒಂದು ಬಿಳಿ, ಒಂದು ಕಾವಿ, ಒಂದು ಹಸಿರಿನ ಮೇಲೆ ಹಳದಿ ಚುಕ್ಕೆಯದು. ಆ ಹಸಿರನ್ನು ನಾನು ಬಲ್ಲೆ. ಅಮ್ಮನ ಸೀರೆಯಿಂದ ಅಜ್ಜಿ ಹೊಲಿದುಕೊಟ್ಟ ದಿಂಬಿನ ಚೀಲಕ್ಕೆ ಕೆನ್ನೆಯಿಟ್ಟೇ ನಾನು ದೊಡ್ಡವಳಾದದ್ದು. ಚೂರನ್ನು ಎಳೆದುಕೊಂಡು ಬೂದಿ ಕೊಡವಿದೆ. ಇದು ಇಲ್ಲಿಗೆ ಹೇಗೆ ಬಂತೆಂದು ಕೇಳಬೇಕಿತ್ತು. ನನ್ನ ಮಾತೆಲ್ಲ ಆಗ ಡೈರಿಯಲ್ಲೇ ನಡೆಯುತ್ತಿತ್ತು. ಚೂರನ್ನೂ ಅದರ ಹಾಳೆಗಳ ನಡುವೆಯೇ ಇಟ್ಟೆ.

ಮರುದಿನ ಪದ್ಮರಾಜಯ್ಯ ಬಂದು, ಒಂದು ಕಾಸನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಗೆ ಹಾಕಿದರು.

"ಯಾರಮ್ಮ ಇದನ್ನ ತೊಳೆದಿದ್ದು?"

"ನಾನೇ," ದೊಡ್ಡಮ್ಮ ನಕ್ಕರು. "ಹೊಸದರ ಹಾಗಾಗಿಲ್ವಾ?"

"ಆಗಿದೆ. ಹೊಸದು ಬೇಕಿದ್ರೆ ಪಾತ್ರೆ ಅಂಗಡಿಗೆ ಹೋಗ್ತಿದ್ದೆ. ಹಳೇ ಕಾಸಿಗೆ ಅದರ ಕಪ್ಪೇ ಮರ್ಯಾದೆ ತಾಯಿ. ಇದನ್ನ ಕರಗಿಸಿ ಒಂದು ಚೊಂಬು ಮಾಡಿಸ್ಕೊಳ್ಳಿ."

ಅವರು ಕಾಫಿಯನ್ನೂ ಕುಡಿಯದೆ ಹೊರಟಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಊರಿಂದ ತಂದ ಗಂಟು ಇನ್ನೂ ಕಂಕುಳಲ್ಲಿತ್ತು. ತಟ್ಟೆಯನ್ನು ನೋಡಿದರು, ಆಮೇಲೆ ಒರಳಿಲ್ಲದ ನೆಲವನ್ನು.

"ಬಟ್ಟೆ ಎಲ್ಲಿ?"

"ಆ ಚಿಂದಿನಾ? ಒಲೆಗೆ ಹಾಕ್ದೆ."

ಅಜ್ಜಿ ಗಂಟನ್ನು ಇಳಿಸಿ ತಟ್ಟೆಯ ಮುಂದೆ ಕೂತರು. "ಅವರವರ ಬಟ್ಟೇಲಿ ಅವರವರ ಕಾಸು ಸುತ್ತಿಟ್ಟಿದ್ದೆ ಕಣೆ," ಎಂದರು.

ನಮ್ಮ ಮನೆಯಲ್ಲಿ ಯಾರು ಸತ್ತರೂ ಹಣೆಗೆ ಕುಂಕುಮವನ್ನೋ ವಿಭೂತಿಯನ್ನೋ ಮೆತ್ತಿ ತಾಮ್ರದ ಕಾಸು ಅಂಟಿಸುವ ಪದ್ಧತಿ. ಚಟ್ಟ ಎತ್ತುವಾಗ ತೆಗೆದ ಕಾಸು ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಅಜ್ಜಿ ದಿನವೂ ಅವುಗಳ ಪಕ್ಕದಲ್ಲಿ ಕೂತು ರುಬ್ಬುತ್ತಿದ್ದರು.

ನೀರಿನ ಮೇಲಿನ ಕೆಂಪು ಕೆನೆ ನೆನಪಾಯಿತು. ಉಗುರು ನೆನಪಾಯಿತು. ಬಾಳೆಹಣ್ಣು.

"ದೊಡ್ಡಮ್ಮಂಗೆ ಗೊತ್ತಿರಲಿಲ್ಲ ಅಜ್ಜಿ," ಎಂದೆ. ಅಷ್ಟಾದರೂ ನಿಜವಾಗಿರಲಿ ಎಂದು ಒಳಗೇ ಬೇಡುತ್ತಿದ್ದೆ.

"ಯಾಕೆ ಗೊತ್ತಿಲ್ಲ?" ದೊಡ್ಡಮ್ಮ ಕಾಫಿಯ ಲೋಟ ಎತ್ತಿಕೊಳ್ಳುತ್ತ ಹೇಳಿದರು. "ಈ ಮನೆಗೆ ಬಂದು ನಾನೆಷ್ಟು ಹೆಣ ನೋಡಿಲ್ಲ. ನಿಮ್ಮಮ್ಮನ ಹಣೆಗೆ ಅಂಟಿಸಿದ್ದೂ ಇದೇ ಕೈ. ಗೊತ್ತಿದ್ದಕ್ಕೇ ತೊಳೆದಿದ್ದು. ಹೆಣದ ಕಾಸನ್ನ ಹಾಗ್ಹಾಗೇ ಮಾರಕ್ಕಾಗುತ್ತೇನೆ? ತೊಗೊಳ್ಳೋರಿಗೆ ಮೈಲಿಗೆ, ಪಾಪ."

ಪದ್ಮರಾಜಯ್ಯ ಬಿಟ್ಟುಹೋದ ಕಾಫಿಯನ್ನು ಅವರೇ ಕುಡಿದರು. ನಾನು ಹಿತ್ತಿಲಿಗೆ ಓಡಿದೆ. ಹುಳಿನೀರು ಬಿಟ್ಟು ಬೇರೇನೂ ಬರಲಿಲ್ಲ.

ತಿರುಗಿ ಬಂದಾಗ ಅಜ್ಜಿ ಕಾಸುಗಳನ್ನು ಮಡಿಲಿಗೆ ಸುರಿದುಕೊಂಡಿದ್ದರು. ಡೈರಿಯಿಂದ ಹಸಿರು ಚೂರನ್ನು ತಂದು ಮುಂದೆ ಹಿಡಿದೆ.

"ಅಜ್ಜಿ, ಅಮ್ಮಂದು ಯಾವುದು?"

ಅವರು ಒಂದೊಂದನ್ನೂ ತಿರುವಿ ನೋಡಿದರು. ಬೆರಳಾಡಿಸಿದರು. ಕೊನೆಗೆ ಮೂಗಿನ ಹತ್ತಿರ ಹಿಡಿದು ಮೂಸಿದರು.

"ಎಲ್ಲಾ ಹುಣಸೆಹಣ್ಣೇ ನಾರ್ತಿದೆ ಮಗಾ," ಎಂದರು. ಕಾಸುಗಳನ್ನೆಲ್ಲ ನನ್ನ ಕೈಗೆ ಸುರಿದು, "ಎಲ್ಲಾನೂ ನೀನೇ ಇಟ್ಕೋ. ಇದರಲ್ಲೇ ಇದಾಳೆ."

ಅವು ನನ್ನ ಹತ್ತಿರವೇ ಇವೆ. ಹಸಿರು ಚೂರಿನಲ್ಲಿ ಒಂದನ್ನಷ್ಟೇ ಸುತ್ತಬಹುದು. ಆದ್ದರಿಂದ ಯಾವುದನ್ನೂ ಸುತ್ತಿಲ್ಲ. ಆಗಾಗ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ. ಆ ಸುಲಿದ ಕೆಂಪು ಮಾಸಿ ಕಾಸುಗಳು ಮೆಲ್ಲಗೆ ಕಪ್ಪಾಗುತ್ತಿವೆ, ಎಲ್ಲವೂ ಒಂದೇ ಸಮನೆ.